ಅಕ್ಕನಿಗೆ ಕ್ಯಾನ್ಸರ್ ಇರಲಿಲ್ಲ

ಅಕ್ಕ ರಾಮನಗರದ ಫಿಲೇಚರ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ರೇಷ್ಮೆ ನೂಲು ತೆಗೆದವಳು. ಬೇಯುವ ಗೂಡಿನ ಆವಿ, ಒಲೆಯ ಹೊಗೆ ಕುಡಿದು ಕುಡಿದು ಅವಳ ಶ್ವಾಸಕೋಶ ಹಾಳಾಗಿತ್ತು. ಗಂಡನಿಲ್ಲ, ಮಕ್ಕಳಿಲ್ಲ, ಕನಕಪುರದ ನನ್ನ ಮನೆಗೆ ಕರೆತಂದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ನಡುಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮುಂದಿನ ಸ್ಟೂಲಿನ ಮೇಲೆ ದಿಂಬಿಟ್ಟು, ಅದಕ್ಕೆ ಹಣೆಯೂರಿ ನಿದ್ದೆ ಮಾಡುತ್ತಿದ್ದಳು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತುಟಿ ನೇರಳೆಯಾಗಿರುತ್ತಿತ್ತು.

"ಇನ್ನು ಮಾಡೋದೇನೂ ಇಲ್ಲ, ಮನೇಲಿ ಚೆನ್ನಾಗಿ ನೋಡ್ಕೊಳ್ಳಿ" ಎಂದಿದ್ದರು ಡಾಕ್ಟರು. ಹೇಗೆ ನೋಡಿಕೊಳ್ಳಬೇಕೆಂದು ಹೇಳಲಿಲ್ಲ.

ಎದುರು ಮನೆಯ ಯಜಮಾನರಿಗೆ ಬಾಯಿ ಕ್ಯಾನ್ಸರ್. ಅವರಿಗಾಗಿ ವಾರಕ್ಕೊಮ್ಮೆ ಸೇವಾ ಸಂಸ್ಥೆಯೊಂದರ ವ್ಯಾನಿನಲ್ಲಿ ಒಬ್ಬ ನರ್ಸಮ್ಮ ಬರುತ್ತಿದ್ದರು. ಗಾಯ ತೊಳೆದು, ಔಷಧಿ ಕೊಟ್ಟು, ಸ್ವಲ್ಪ ಹೊತ್ತು ಕೂತು ಮಾತಾಡಿ ಹೋಗುತ್ತಿದ್ದರು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು. ಒಂದು ದಿನ ತಡೆತಡೆದು ಅಂದಳು: "ನಂಗೂ... ಕ್ಯಾನ್ಸರ್ರೇ ಬಂದ್ಬುಟ್ಟಿದ್ರೆ... ಯಾರಾದ್ರೂ ಬತ್ತಿದ್ರು ಕಣೆ."

ನಾನು ಬೀದಿಗೆ ಓಡಿ ವ್ಯಾನಿಗೆ ಅಡ್ಡ ನಿಂತೆ.

"ನಾವು ಕ್ಯಾನ್ಸರ್ ಇರೋರನ್ನ ಮಾತ್ರ ನೋಡೋದಮ್ಮ" ಎಂದರು ನರ್ಸಮ್ಮ. ನನ್ನ ಮುಖ ನೋಡಿ ಏನನ್ನಿಸಿತೋ, ಇಳಿದು ಒಳಗೆ ಬಂದರು. ಟೇಬಲ್ ಫ್ಯಾನನ್ನು ಅಕ್ಕನ ಮುಖಕ್ಕೆ ತಿರುಗಿಸಿದರು. ತುಟಿ ಚೂಪು ಮಾಡಿ ನಿಧಾನಕ್ಕೆ ಉಸಿರು ಬಿಡುವುದನ್ನು ಹೇಳಿಕೊಟ್ಟರು. ನೋವಿಗೆ ಕೊಡುವ ಮಾರ್ಫಿನ್ ಉಸಿರಿನ ಸಂಕಟಕ್ಕೂ ಆಗುತ್ತದೆ, ನಮ್ಮ ಸಂಸ್ಥೆಯ ಡಾಕ್ಟರನ್ನು ಕೇಳುತ್ತೇನೆ ಎಂದರು. ಮುಂದಿನ ವಾರ ಆ ಡಾಕ್ಟರೇ ಬಂದು ನೋಡಿ ಮಾತ್ರೆ ಬರೆದರು.

ಒಂಬತ್ತು ದಿನ ಅಕ್ಕ ಮನುಷ್ಯಳಂತಿದ್ದಳು. "ಉಪ್ಸಾರಿಗೆ ಒಸಿ ಖಾರ ಸಾಲ್ದು ಕಣೆ" ಎಂದು ತಪ್ಪು ಕೂಡ ಹುಡುಕಿದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಆಸ್ಪತ್ರೆಗೆ ಮಾತ್ರ ಹಾಕ್ಬ್ಯಾಡ. ಹೋದ್ರೂ ಇಲ್ಲೇ ಹೋಯ್ತೀನಿ" ಎಂದಳು. ಹೂಂ ಅಂದೆ. ಕೊನೆಗಾಲದಲ್ಲಿ ಏನಾಗುತ್ತದೆ, ಏನು ಮಾಡಬೇಕು ಎಂದು ನರ್ಸಮ್ಮ ಮೊದಲೇ ಬಿಡಿಸಿ ಹೇಳಿದ್ದರು. ಅರ್ಥವಾಯಿತು ಎಂದುಕೊಂಡಿದ್ದೆ.

ಹತ್ತನೆಯ ಬೆಳಿಗ್ಗೆ ಅಕ್ಕನ ಗಂಟಲಲ್ಲಿ ಗೊರಗೊರ ಶುರುವಾಯಿತು. ಕಣ್ಣು ಮೇಲಾಯಿತು. ಅಕ್ಕಪಕ್ಕದವರು ಸೇರಿದರು. "ಅಯ್ಯೋ, ಕಣ್ಮುಂದೇನೇ ಸಾಯಕ್ಕೆ ಬುಟ್ಟು ಕುಂತಿದ್ದೀಯಲ್ಲೇ! ನಿಂಗೇನ್ ಕಲ್ಲೆದೆನಾ?" ಎಂದಳೊಬ್ಬಳು. ಹೇಳಿಸಿಕೊಂಡಿದ್ದೆಲ್ಲ ಮರೆತುಹೋಯಿತು. ನಾನೇ ಆಂಬುಲೆನ್ಸಿಗೆ ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ಗಂಟಲಿಗೆ ಟ್ಯೂಬ್ ಇಳಿಸಿದರು. ಕಿತ್ತುಕೊಳ್ಳಬಾರದೆಂದು ಎರಡೂ ಕೈ ಮಂಚಕ್ಕೆ ಕಟ್ಟಿದರು. ಸಂಜೆ ಐದು ನಿಮಿಷ ಒಳಗೆ ಬಿಟ್ಟರು. ಅಕ್ಕ ಕಣ್ಣು ತೆರೆದು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬೈಸಿಕೊಂಡೆನೆಂದು ತಡೆದುಕೊಳ್ಳುತ್ತಿದ್ದೆ. ಬಿಡಿಸು ಎಂದು ಕಣ್ಣಲ್ಲೇ ಕೇಳುತ್ತಿದ್ದಳು, ಅಷ್ಟೇ. ನಾನು ಬಾಗಿಲಿಗೆ ಬಂದು ಸೆರಗು ಕಚ್ಚಿಕೊಂಡು ನಿಂತೆ. ಎರಡು ದಿನ ಹಾಗೇ ಇದ್ದು ಹೋದಳು. ಆಗ ನಾನು ಹೊರಗಿನ ಬೆಂಚಿನ ಮೇಲಿದ್ದೆ.

ತಿಥಿಗೆ ಮೊದಲು ನರ್ಸಮ್ಮ ಬಂದರು. ಎಲ್ಲ ಹೇಳಿದೆ. "ಹೆದರಿಕೇಲಿ ತುಂಬಾ ಜನ ಹೀಗೇ ಮಾಡ್ತಾರಮ್ಮ" ಎಂದು ನನ್ನ ಕೈ ಹಿಡಿದುಕೊಂಡರು. ಉಳಿದಿದ್ದ ಮಾತ್ರೆಗಳನ್ನು ವಾಪಸ್ ಕೊಟ್ಟೆ. ಅವರ ಮಾತಿನಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇವತ್ತಿಗೂ ಆಗಿಲ್ಲ.