ಶಾರ್ಜಾ ವೀಸಾಕ್ಕೆ ಚೌಡಮ್ಮನ ಹೂವು

ನಮ್ಮತ್ತೆ ಸಾಮಿಯಾತಾಳ್ ಯಾವ ಕೆಲಸವನ್ನೂ ಮನುಷ್ಯರನ್ನು ಕೇಳಿ ಮಾಡಿದವರಲ್ಲ. ಏನಿದ್ದರೂ ಚೌಡಮ್ಮನ ಗುಡಿಯಲ್ಲಿ ಹೂವು ಕೇಳಬೇಕು. ಒಂದು ಬಾಳೆಲೆ ಪೊಟ್ಟಣದಲ್ಲಿ ಬಿಳಿ ಹೂವು, ಇನ್ನೊಂದರಲ್ಲಿ ಕೆಂಪು. ಪೂಜಾರಿ ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಾರೆ. ಬಿಳಿ ಬಂದರೆ ದೇವಿಯ ಒಪ್ಪಿಗೆ, ಕೆಂಪಾದರೆ ಮಾತು ಮುಗಿಯಿತು. ಮನೆಗೆ ಫ್ರಿಜ್ ಬಂದದ್ದು ಹಾಗೆ. ಮಗ ತಿರುಮೂರ್ತಿಗೆ ನನ್ನನ್ನು ತಂದುಕೊಂಡದ್ದೂ ಹಾಗೆಯೇ. ಆ ಒಂದು ಬಿಳಿ ಹೂವಿನ ಮೇಲೆ ಮಾತ್ರ ಅವರಿಗೆ ಇವತ್ತಿಗೂ ಅನುಮಾನ.

ತಮಿಳುನಾಡಿನ ನೆಗಮಂನಲ್ಲಿ ನಮ್ಮದು ಮಗ್ಗದ ಮನೆ. ಗಂಡ ನೇಯುತ್ತಾರೆ, ಅತ್ತೆ ಮತ್ತು ನಾನು ನೂಲು ಸುತ್ತುತ್ತೇವೆ, ಸುತ್ತುತ್ತಲೇ ಜಗಳವಾಡುತ್ತೇವೆ. ಸಾರಿಗೆ ಉಪ್ಪು ಹೆಚ್ಚಾದರೂ ಜಗಳ, ಕಡಿಮೆಯಾದರೂ ಜಗಳ, ಸರಿಯಾಗಿದ್ದರೆ ಇನ್ನೂ ದೊಡ್ಡ ಜಗಳ. ಅಂಥವರು ಬಸುರಿ ಮಗಳು ನಿವೇತಾಳನ್ನು ನೋಡಿಕೊಳ್ಳಲು ಶಾರ್ಜಾಕ್ಕೆ ಹಾರಿದ ದಿನ, ಸುಳ್ಳೇಕೆ ಹೇಳಲಿ, ಕಾಲು ಚಾಚಿ ಕೂತು ಎರಡು ಲೋಟ ಕಾಪಿ ಕುಡಿದೆ.

ಈಗ ನೋಡಿದರೆ ಹೆರಿಗೆಗೆ ಮುಂಚೆಯೇ ಅತ್ತೆಯ ವೀಸಾ ಮುಗಿಯುತ್ತಿತ್ತು. ಮುಂದುವರಿಸಲು ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಅತ್ತೆಯ ಎಲೆಅಡಿಕೆ ಚೀಲದಲ್ಲಿ, ಚೀಲ ಅತ್ತೆಯ ಸೊಂಟದಲ್ಲಿ. "ಚೌಡಮ್ಮ ಬಿಳಿ ಹೂವು ಕೊಡ್ಲಿ, ಆಮೇಲೆ ಕೊಡ್ತೀನಿ" ಎಂದು ಕೂತುಬಿಟ್ಟರು.

ನಿವೇತಾ ನನಗೆ ಫೋನು ಮಾಡಿ ಅತ್ತಳು. "ಅತ್ತಿಗೆ, ಇಲ್ಲಿ ನಂಗ್ಯಾರಿದ್ದಾರೆ? ಅವ್ರು ಕೆಲ್ಸಕ್ಕೆ ಹೋದ್ಮೇಲೆ ನೋವು ಬಂದ್ರೆ ಒಬ್ಳೇ ಏನ್ ಮಾಡ್ಲಿ?"

ಗಂಡನನ್ನು ಗುಡಿಗೆ ಅಟ್ಟಿದೆ. ಅತ್ತೆ ಫೋನಿನ ವಿಡಿಯೊದಲ್ಲಿ ನೋಡುತ್ತಿದ್ದಂತೆಯೇ ಇವರು ಹೂವು ಕೇಳಿದರು. ಕೆಂಪು. ಮುಂದಿನ ಶುಕ್ರವಾರ ನಾನೂ ಜೊತೆಗೆ ಹೋದೆ. ಮತ್ತೆ ಕೆಂಪು! ಮನೆಯಿಂದ ಪೊಟ್ಟಣ ಕಟ್ಟಿ ತಂದವರು ಇವರೇ. ಫೋನು ಇಟ್ಟ ಮೇಲೆ, ಪೂಜಾರಿ ಎತ್ತದೆ ಬಿಟ್ಟ ಪೊಟ್ಟಣ ಬಿಚ್ಚಿದರೆ ಅದರೊಳಗೂ ಕೆಂಪು ಕಣಗಿಲೆ.

"ಏನುಂಗ ಇದು? ಸಾಮಿ ಹತ್ರಾನೇ ತಿರುಟ್ಟು ಕೆಲ್ಸವಾ, ಕಳ್ಳಾಟವಾ?"

"ಏನ್ ಮಾಡ್ಲಿ ಚಂದ್ರಾ, ಮನೆ ಬಿಕೋ ಅಂತದೆ. ಅಮ್ಮ ಬಂದ್ರೆ ಸಾಕು ಅನ್ಸ್‌ತು."

ಮೀಸೆ ನರೆತ ಗಂಡಸು, ಗುಡಿಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡರು. ಅಯ್ಯೋ ಪಾಪ ಅನ್ನಿಸಿತು, ಮೈಯೆಲ್ಲ ಉರಿಯಿತು ಕೂಡ. ಅಲ್ಲಿ ತಂಗಿ ದಿನ ಎಣಿಸುತ್ತಿದ್ದಾಳೆ, ಇಲ್ಲಿ ಇವರಿಗೆ ಅಮ್ಮ ಬೇಕಂತೆ!

ಮೂರನೇ ಸಲ ನಾನೇ ಪೊಟ್ಟಣ ಕಟ್ಟಿದೆ. ದೇವಿಗೆ ಯಾಕೆ ತೊಂದರೆ ಎಂದು ಎರಡರಲ್ಲೂ ನಂದಿಬಟ್ಟಲು ಇಟ್ಟೆ. ಪೂಜಾರಿ ಎತ್ತಿದರು. ಬಿಳಿ. ಫೋನಿನ ಆ ಕಡೆ ನಿವೇತಾ ಕೈ ಮುಗಿದಳು.

"ಇನ್ನೊಂದನ್ನೂ ಬಿಚ್ಚು" ಅಂದರು ಅತ್ತೆ.

"ಅದ್ಯಾಕತ್ತೆ, ಚೌಡಮ್ಮ ಹೇಳಾಯ್ತಲ್ಲ?"

"ಬಿಚ್ಚು ಕಣೇ."

ಬಿಚ್ಚಿದೆ. ಅತ್ತೆ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಅವ್ನು ಎರಡೂ ಕೆಂಪು ಇಟ್ಟ. ನನ್ ಮುಖ ನೋಡ್ದೇ ಪೊಟ್ಟಣ ಕೊಟ್ಟಿದ್ದು ನಂಗೆ ಕಾಣ್ಲಿಲ್ವಾ? ನೀನು ಎರಡೂ ಬಿಳಿ ಇಟ್ಟೆ. ಚೌಡಮ್ಮನ್ನ ಯಾರೂ ಕೇಳ್ಲಿಲ್ಲ. ನನ್ನನ್ನೂ ಯಾರೂ ಕೇಳ್ಲಿಲ್ಲ."

ನಾಚಿಕೆಯಿಂದ ತಲೆ ತಗ್ಗಿತು. "ಸರಿಂಗ ಅತ್ತೆ, ಈಗ ಕೇಳ್ತೀನಿ. ನಿಮಗೇನ್ ಬೇಕು?"

ಅತ್ತೆ ಮೆಲ್ಲಗೆ ಹೇಳಿದರು. "ಮಗಳ ಹತ್ರ ಇರ್ಬೇಕು. ಆದ್ರೆ ಇಲ್ಲಿ ಬಾಯಿಗೆ ಬೀಗ ಹಾಕ್ದಂಗಿದೆ ಚಂದ್ರಾ. ಬಸುರಿ ಹತ್ರ ಜಗಳಾಡೋಕಾಗುತ್ತಾ? ಅಳಿಯನ ಮುಂದೆ ಮರ್ಯಾದೆ ನೋಡ್ಬೇಕು. ಇನ್ನೂ ಹೀಗೇ ಇದ್ರೆ ಪೈತ್ಯ ಹಿಡಿದು ಹುಚ್ಚಿ ಆಗ್ತೀನಿ."

"ದಿನಾ ನಾನೇ ಫೋನ್ ಮಾಡಿ ಜಗಳಾಡಿದ್ರೆ?"

"ಸುಮ್ಮಾ ಹೇಳ್ಬೇಡ. ಭಾನುವಾರಾನೂ ಆಡ್ಬೇಕು."

"ಆಡ್ತೀನಿ ಅತ್ತೆ."

ಪಾಸ್‌ಪೋರ್ಟ್ ನಿವೇತಾಳ ಕೈಗೆ ಬಿತ್ತು. ಮರುಕ್ಷಣವೇ ಅತ್ತೆಯ ದನಿ ಏರಿತು. "ಅದೇನೇ ತಲೆ ಅದು? ಗುಡಿಗೆ ಬರೋವಾಗ ಒಂದು ಬಾಚಣಿಗೆ ಸಿಗ್ಲಿಲ್ವಾ?"

"ಬಾಚಣಿಗೆ ನೀವೇ ಅಲ್ವಾ ಪೆಟ್ಟಿಗೇಲಿ ಹಾಕ್ಕೊಂಡ್ ಹೋಗಿರೋದು!"

ಅಲ್ಲಿಂದ ಶುರುವಾದದ್ದು, ಪೂಜಾರಿ ಬಾಗಿಲು ಹಾಕಬೇಕು ಎಂದು ಕೂಗುವವರೆಗೂ ನಿಲ್ಲಲಿಲ್ಲ. ಬೈಯುತ್ತಾ ಬೈಯುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅತ್ತೆ ಬೇಕಾಗಿದ್ದದ್ದು ನನ್ನ ಗಂಡನಿಗೆ ಮಾತ್ರ ಆಗಿರಲಿಲ್ಲ.