ಒಂದು ಕದ, ಐದು ಹಚ್ಚೆ ಬೊಟ್ಟು

ಬಾಗಿಲಿನ ಒಂದು ಕದ ತೆರೆದಿರಬೇಕೋ ಎರಡೋ ಎಂಬುದು ಸಣ್ಣ ವಿಷಯವೆಂದು ತಿಳಿದವರು ಪುಟ ಮಗುಚಿ ಮುಂದೆ ಹೋಗಬಹುದು. ರಾಮಥಾಳದ ಮದುವೆ ಮನೆಯೊಂದರಲ್ಲಿ, ಬೆಳಗಿನ ಆರು ಗಂಟೆಗೆ, ಇದೇ ಪ್ರಶ್ನೆಯ ಮೇಲೆ ಇಬ್ಬರು ಹಿರಿಯರು ಎದುರುಬದುರು ನಿಂತಿದ್ದಾರೆ.

ಒಬ್ಬರು ಮದುಮಗಳು ಭಾಗ್ಯಜ್ಯೋತಿಯ ಕಾಕಾ ಚಂದಪ್ಪ. ಸುರಗಿ ಶಾಸ್ತ್ರದ ದೀಪ ಗಾಳಿಗೆ ಆರೀತೆಂದು ಒಂದು ಕದ ಮುಚ್ಚಿದ್ದಾರೆ. ಇನ್ನೊಬ್ಬರು ಹುನಗುಂದದ ‘ವಿಡಿಯೋ ಅಯೂಬ’, ವಯಸ್ಸು ನಲವತ್ತೇಳು, ಕೊರಳಲ್ಲಿ ಹಳೆಯ ಕ್ಯಾಮೆರಾ.

“ಚಂದಪ್ಪಣ್ಣ, ಎರಡೂ ತಗೀರಿ. ಇಲ್ಲಾಂದ್ರ ಮಂದಿ ಮಾರಿ ಮ್ಯಾಲೆ ಗ್ರೇನ್ಸ್ ಕುಣೀತಾವ.”

“ಲೇ ಅಯೂಬ, ದೀಪ ಆರಿದ್ರ ನಮ್ಮ ಬೀಗರು ಕುಣೀತಾರ. ಅದನ್ನೂ ಶೂಟಿಂಗ್ ಮಾಡಾಂವೇನು?”

ಕದ ಮುಚ್ಚಿಯೇ ಉಳಿಯುತ್ತದೆ.

ಬೆಳಕು ಸಾಲದಾದಾಗ ಕ್ಯಾಮೆರಾ ಇದ್ದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ; ಇದಕ್ಕೇ ಐಎಸ್‌ಒ ಏರಿಸುವುದು ಎನ್ನುತ್ತಾರೆ. ಹಿಗ್ಗಿಸುವಾಗ ತನ್ನ ಗೊಣಗಾಟವನ್ನೂ ಸೇರಿಸುತ್ತದೆ. ಚಿತ್ರದ ತುಂಬ ಇರುವೆಯಂತೆ ಹರಿದಾಡುವ ಆ ಚುಕ್ಕಿಗಳೇ ಗ್ರೇನ್ಸ್. ಇಪ್ಪತ್ತೊಂದು ವರ್ಷದಿಂದ ಅಯೂಬ ಅವರ ದುಡಿಮೆಯೆಂದರೆ ಈ ಚುಕ್ಕಿಗಳನ್ನು ಜನರ ಮುಖದಿಂದ ದೂರ ಇಡುವುದು. ಹಾಗೆ ದೂರ ಇಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೆ ಅವರು ಕೆಲಸ ಕೆಡಿಸಿದ್ದಾರೆಂದೇ ಅರ್ಥ.

“ಐಎಸ್‌ಒ ಏರಿಸೋದು ಅಂದ್ರ ಹೊಲಕ್ಕ ಗೊಬ್ಬರ ಚೆಲ್ಲಿದಂಗ್ರಿ. ಬೆಳಿ ಜೋಡಿ ಕಸಾನೂ ಏಳತೈತಿ” ಎನ್ನುತ್ತಾರೆ. ಅದಕ್ಕೇ ಮೊದಲು ಬೆಳಕು ಹುಡುಕುತ್ತಾರೆ. ಲೈಟು ಹಚ್ಚುವಂತಿಲ್ಲ, ಮದುಮಗಳ ಅಜ್ಜಿ, ಚಂದಪ್ಪನವರ ತಾಯಿ ದುರಗವ್ವನವರಿಗೆ ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನವೂ ಆಗಿಲ್ಲ. ಹಿತ್ತಲಿನ ತಂತಿಯ ಮೇಲಿದ್ದ ಬಿಳಿ ಧೋತರ ತಂದು, ತೆರೆದ ಕದದ ಎದುರಿನ ಗೋಡೆಗೆ ಕಟ್ಟುತ್ತಾರೆ. ಹೊರಗಿನ ಬೆಳಕು ಅದಕ್ಕೆ ಬಡಿದು ಮುದುಕಿಯ ಮುಖಕ್ಕೆ ಮರಳುತ್ತದೆ.

ಝೂಮ್ ಮುಟ್ಟುವುದಿಲ್ಲ. “ಝೂಮ್ ಮಾಡಿದ್ರ ಈ ಲೆನ್ಸ್ ಕಣ್ಣು ಸಣ್ಣ ಮಾಡ್ತೈತಿ, ಬೆಳಕು ಕಡಿಮಿ ಬೀಳತೈತಿ. ಅದಕ್ಕ ನಾನ ಹತ್ರ ಹೋಗ್ತೇನಿ.” ಹಾಗೆ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂರುವುದು, ವರ್ಷಕ್ಕೆ ಐವತ್ತು ಮದುವೆ. ಮೊಣಕಾಲು ಸವೆದಿದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ಐವರು ಮುತ್ತೈದೆಯರು ನೂಲು ಸುತ್ತುವ ಸುರಗಿಯ ಕ್ರಮ ಮಾತ್ರ ಮನೆಯವರಿಗಿಂತ ಇವರಿಗೇ ಚೆನ್ನಾಗಿ ಬಾಯಿಪಾಠ.

“ಐದನೇ ಮುತ್ತೈದಿ ಎಲ್ಲದಾಳ್ರೀ? ಇಲ್ಲಿ ನಾಲ್ಕ ಮಂದಿ ಅದಾರ!” ಎಂದು ಕೂಗುತ್ತಾರೆ. ಒಳಗಿನಿಂದ ಒಬ್ಬಾಕೆ ತಲೆ ಬಾಚುತ್ತಲೇ ಓಡಿಬರುತ್ತಾಳೆ.

ಮನೆಯಲ್ಲಿ ಅಯೂಬರ ಮಡದಿ ಮಲಿಕಾ ಅವರದು ಬೇರೆಯೇ ದೂರು: “ಊರ ಮಂದಿ ಮಾರಿ ಎಲ್ಲಾ ಸ್ವಚ್ಛ ಬರ್ತಾವ. ನಮ್ಮ ಮದುವಿ ಕ್ಯಾಸೆಟ್ಟಿನಾಗ ಬರೇ ಚುಕ್ಕಿ, ನನ್ನ ಪಕ್ಕ ಕುಂತಾಂವ ಯಾರಂತ ಇನ್ನೂ ಗೊತ್ತಾಗವಲ್ದು.”

ನೂಲು ಸುತ್ತಿ ಮುಗಿದ ಮೇಲೆ ದುರಗವ್ವ ಅಯೂಬರನ್ನು ಕರೆಯುತ್ತಾರೆ. ಅಜ್ಜಿಯ ಹಣೆಗೆ ಮೂರು, ಗದ್ದಕ್ಕೆ ಎರಡು ಹಸಿರು ಹಚ್ಚೆ ಬೊಟ್ಟು. ಹತ್ತರ ವಯಸ್ಸಿನಲ್ಲಿ ಅವರವ್ವ ತೊಡೆಯ ಮೇಲೆ ಮಲಗಿಸಿಕೊಂಡು ಚುಚ್ಚಿಸಿದ್ದು.

“ತಮ್ಮಾ, ನನ್ನ ಹಚ್ಚಿ ಕಾಣ್ತಾವನು ಅದರಾಗ?”

“ಕಾಣ್ತಾವ ಯವ್ವಾ, ಐದಕ್ಕ ಐದೂ.”

“ಬಂಗಾರ ಮಕ್ಕಳು ಹಂಚ್ಕೊಂತಾರ. ಹೋಗಾಗ ನನ್ನ ಜೋಡಿ ಬರಾವು ಇವ ಅಷ್ಟ. ನೋಡ್ಕೊಂಡು ತಗಿ.”

ತೆಗೆದಿದ್ದಾರೆ. ಪುಟ್ಟ ಪರದೆಯಲ್ಲಿ ತೋರಿಸುತ್ತಾರೆ ಕೂಡ: ಸುಕ್ಕು, ಬೊಟ್ಟು, ಮೂಲೆಯಲ್ಲಿ ಒಂದಿಷ್ಟು ಗ್ರೇನ್ಸ್. “ಇರ್ಲಿ ಬಿಡ್ರಿ. ಚುಕ್ಕಿ ಇದ್ರೂ ಮಾರಿ ಮಾರಿನ ಐತಿ” ಎನ್ನುತ್ತಾರೆ ಅಯೂಬ.

ಚಿತ್ರ ತೆಗೆಯುವುದು ಅಯೂಬ, ಕತ್ತರಿಸಿ ಜೋಡಿಸುವುದು ಇಳಕಲ್ಲಿನ ಸ್ಟುಡಿಯೋ ಮಾಲೀಕ ಯುವರಾಜ. ವಿಡಿಯೋದ ಮೇಲೆ ಬರುವ ಹೆಸರೂ ಯುವರಾಜ ಅವರದೇ. ಮೆಮೊರಿ ಕಾರ್ಡ್ ಒಪ್ಪಿಸುವಾಗ ಅಯೂಬ ಒಂದು ಚೀಟಿ ಅಂಟಿಸಿದ್ದಾರೆ: ‘ಅಜ್ಜಿ ಬಂದಲ್ಲಿ ಡಿನಾಯ್ಸ್ ಹಾಕಬೇಡಿ.’ ಕಂಪ್ಯೂಟರು ಚುಕ್ಕಿ ಒರೆಸುವ ಕೆಲಸಕ್ಕೆ ಆ ಹೆಸರು.

ಎಂಟನೆಯ ದಿನ ಅಯೂಬ ಸ್ಟುಡಿಯೋಕ್ಕೆ ಹೋಗಿ ನೋಡಿದರೆ ದುರಗವ್ವನವರ ಮುಖ ಮೇಣದ ಗೊಂಬೆಯಂತಿದೆ. ಸುಕ್ಕಿಲ್ಲ. ಬೊಟ್ಟೂ ಇಲ್ಲ. ಕಂಪ್ಯೂಟರಿಗೆ ಚುಕ್ಕಿ ಎಂದರೆ ಚುಕ್ಕಿ.

“ಒಬ್ಬ ಮುದುಕಿ ಸಲುವಾಗಿ ಎರಡ ತಾಸು ಯಾರ ಕೂಡ್ತಾರೋ ಮಾರಾಯಾ? ಒಂದ ಬಟನ್, ಎಲ್ಲಾರ ಮಾರೀನೂ ಬೆಣ್ಣಿ” ಎನ್ನುತ್ತಾರೆ ಯುವರಾಜ. ಮೂಲ ಚಿತ್ರವಾದರೂ ಇದೆಯೇ? ತುಳಸಿಗೇರಿಯ ಮದುವೆಗೆ ಕಾರ್ಡ್ ಬೇಕಿತ್ತು, ಕಂಪ್ಯೂಟರಿನಲ್ಲೂ ಜಾಗವಿರಲಿಲ್ಲ, ಎರಡೂ ಕಡೆ ಅಳಿಸಿಯಾಗಿದೆ. ಅಳಿಸಿದ ಆ ಕಾರ್ಡನ್ನು ತುಳಸಿಗೇರಿಗೆ ಒಯ್ದದ್ದು ಅಯೂಬ ಅವರೇ.

ಪೆನ್‌ಡ್ರೈವ್ ತಲುಪಿಸುವುದೂ ಅವರ ಪಾಲಿನದೇ. ರಾಮಥಾಳದ ಟಿ.ವಿ. ಮುಂದೆ ಮನೆಯೆಲ್ಲ ಸೇರಿದೆ. “ಭಾರಿ ಬಂದೈತಿ ಬಿಡೋ! ಅವ್ವ ಇಪ್ಪತ್ತ ವರ್ಷ ಸಣ್ಣಾಕಿ ಆಗ್ಯಾಳ” ಎಂದು ಚಂದಪ್ಪ ಅಯೂಬರ ಬೆನ್ನು ತಟ್ಟುತ್ತಾರೆ. ದುರಗವ್ವ ಹೊಸ ಚಸ್ಮಾ ಏರಿಸಿ, ಟಿ.ವಿ.ಯ ಹತ್ತಿರಕ್ಕೆ ಹೋಗಿ, ಬಹಳ ಹೊತ್ತು ನೋಡುತ್ತಾರೆ.

“ಈಕಿ ಯಾರ?”

“ನೀನ ಅಲ್ಲೇನವ್ವಾ!” ಮನೆಯೆಲ್ಲ ನಗುತ್ತದೆ. ಮುದುಕಿ ತಿರುಗಿ ಅಯೂಬರನ್ನು ನೋಡುತ್ತಾರೆ. ಅಯೂಬ ಚಹಾದ ಕಪ್ಪು ನೋಡುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಅಯೂಬರನ್ನು ಕೇಳಿದರೆ, “ಒಮ್ಮೆರೆ ಆ ಕಂಪ್ಯೂಟರ ಮುಂದ ನನ್ನ ಕೂಡಿಸಬೇಕ್ರಿ. ನಾ ತಗದ ಮಾರಿ ನನಗ ಗೊತ್ತಿರ್ತೈತಿ” ಎನ್ನುತ್ತಾರೆ. ಯುವರಾಜ ನೋಡೋಣ ಎಂದಿದ್ದಾರೆ. ಎಂಟು ವರ್ಷದಿಂದ ಹಾಗೆಯೇ ಎನ್ನುತ್ತಿದ್ದಾರೆ.

ವಿಡಿಯೋ ಒಂದು ತಾಸು ನಲವತ್ತು ನಿಮಿಷ ಇದೆ. ಗ್ರೇನ್ಸ್ ಎಲ್ಲಿಯೂ ಇಲ್ಲ. ದುರಗವ್ವನವರ ಹಚ್ಚೆಯೂ ಇಲ್ಲ.