ಎರಡಕ್ಕೂ ಒಂದೇ ಲೋಡ್

ಬನಶಂಕರಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಬ್ಬರು ಮೇಡಂ ಇದ್ದರು. ಕಂಪ್ಯೂಟರ್ ಚಿಪ್‌ನ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲಗಳನ್ನು ರೂಪಿಸಿ, ಬೇಕಾದಂತೆ ಬದಲಿಸಬಹುದಾದ ಎಫ್‌ಪಿಜಿಎ ಬೋರ್ಡಿನ ಮೇಲೆ ಓಡಿಸಿ ಹೋಲಿಸುವುದು ಅವರ ಕೆಲಸ. ಯಾವ ಜಾಲ ಮೇಲು ಎಂದು ವಿದ್ಯಾರ್ಥಿಗಳಾದ ನಾವು ಆತುರದಲ್ಲಿ ತೀರ್ಪು ಕೊಟ್ಟರೆ, ಕನ್ನಡಕವನ್ನು ತಲೆಗೇರಿಸಿ, “ಎರಡಕ್ಕೂ ಒಂದೇ ಲೋಡ್ ಹಾಕಿ, ಆಮೇಲೆ ಮಾತಾಡಿ,” ಎನ್ನುತ್ತಿದ್ದರು.

ಅವರ ಗಂಡ ತೀರಿಕೊಂಡ ದಿನ ತ್ಯಾಗರಾಜನಗರದ ಮನೆಗೆ ಹೋಗಿದ್ದೆ. ಅವರ ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರು. ಮೇಡಂ ಬಂದವರಿಗೆ ಕುರ್ಚಿ ಹಾಕುತ್ತಿದ್ದರು.

“ಇವಳ ಕಣ್ಣಲ್ಲಿ ಒಂದು ಹನೀನೂ ಇಲ್ಲ ನೋಡಿ,” ಎಂದು ಪಕ್ಕದ ಹೆಂಗಸು ಪಿಸುಗುಟ್ಟಿದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಮೇಡಂ ಲ್ಯಾಬಿಗೆ ಬಂದರು. ಅವತ್ತು ಜಾಲದ ಮೇಲೆ ಸಂದೇಶಗಳ ಲೋಡ್ ಏರಿಸುತ್ತಿದ್ದಂತೆ, ಸಂದೇಶ ದಾಟಿಸುವ ರೂಟರುಗಳಲ್ಲಿ ಒಂದು ಏನನ್ನೂ ಹೊರಗೆ ಕಳಿಸದೆ ನಿಂತುಬಿಟ್ಟಿತು.

“ಇದು ಸತ್ತೋಗಿದೆ ಮೇಡಂ,” ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಸತ್ತಿಲ್ಲ. ತುಂಬ್ಕೊಂಡಿದೆ. ಮುಂದೆ ಜಾಗ ಇದ್ರೆ ತಾನೆ ಕಳ್ಸೋದು?”

“ರೀಸೆಟ್ ಮಾಡ್ಲಾ?”

ಗುಂಡಿಯತ್ತ ಚಾಚಿದ ನನ್ನ ಕೈಯನ್ನು ಅವರು ಹಿಡಿದುಕೊಂಡರು.

“ಬೇಡ ಕಣಮ್ಮ. ಒಳಗಿರೋದೆಲ್ಲ ಹೋಗ್ಬಿಡುತ್ತೆ.”

ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.